ಒಂದು ಗಂಟೆಯ ಹಾದಿ

ಲಂಡನ್ನಿಗೂ ಪ್ಯಾರಿಸ್ಸಿಗೂ ನಡುವಣ ನೇರ ದೂರ ಸುಮಾರು 340 ಕಿಲೋಮೀಟರು. 1919ರ ಆಗಸ್ಟ್ 25ರಂದು ಈ ಎರಡು ನಗರಗಳ ನಡುವೆ ದಿನವಹಿ ವಿಮಾನ ಸಂಚಾರ ಆರಂಭವಾದಾಗ ಹೆಚ್ಚುಕಡಿಮೆ ಎರಡೂವರೆ ಗಂಟೆ ಹಿಡಿಯುತ್ತಿದ್ದಿತು. ಇಂದು ಒಂದೂಕಾಲು ಗಂಟೆ ಸಾಕು. ಆದರೂ ಅಲ್ಲಿನ ಬಹುಮಂದಿ 1994ರಲ್ಲಿ ತೆರೆದ ಕಡಲ ತಳದ ಸುರಂಗದೊಳಗಿನ ರೈಲನ್ನೇ ಹತ್ತುತ್ತಾರೆ. ಅದು ಊರ ನಡುವಿನಿಂದ ಊರ ನಡುವಿಗೇ ಒಯ್ಯುತ್ತದಲ್ಲವೆ! ಇದನ್ನು ಓದಿ ಅವರ ಜಾಣ್ಮೆಗೆ ತಲೆದೂಗಿದ್ದ ನಾನು, ನನ್ನ ಸರದಿ ಬಂದಾಗ ಮಾತ್ರ ವಿಮಾನವನ್ನೇ ಹತ್ತಿದೆನು.

ಐನಾಪುರ ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿ, ಕೃಷ್ಣಾ ನದಿಯ ಎಡದಂಡೆಯ ಕಡೆಗಿರುವ ಊರು. ಹಿಂದೆ ಅಥಣಿ ತಾಲ್ಲೂಕಿಗೆ ಸೇರಿದ್ದಿತು. ಈಗ ಕಾಗವಾಡಕ್ಕೆ ಸೇರಿದೆ. ಎತ್ತ ನೋಡಿದರೂ ಕಬ್ಬು. ಅಲ್ಲಿ ನನ್ನ ದೊಡ್ಡವ್ವ ಇದ್ದಳು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಕೆಲವು ವರ್ಷಗಳ ಹಿಂದೆ ಒಂದು ಶ್ರಾವಣದ ರಾತ್ರಿ ಒಂಬತ್ತಕ್ಕೆ ಅಲ್ಲಿಂದ ಫೋನು ಬಂದಿತು: "ಲಗೂನ ಬಾ. ನಿನ್ನ ಹೆಸರ ಕರಿಯಾಕತ್ಯಾಳ."

ಬೆಂಗಳೂರಿನಿಂದ ರಾತ್ರಿ ಹನ್ನೊಂದರ ಹೊತ್ತಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸು ಹೊರಡುವುದಿತ್ತು. ಇಡೀ ರಾತ್ರಿ ರೈಲಿನಲ್ಲಿ ಕುಳಿತಿರುವುದೇ, ಬೆಳಿಗ್ಗೆ ಒಂದು ಗಂಟೆಯಲ್ಲಿ ಹಾರಿಹೋಗಬಹುದಲ್ಲ ಎಂದುಕೊಂಡೆ. ಐನಾಪುರಕ್ಕೆ ಕೊಲ್ಹಾಪುರದ ವಿಮಾನ ನಿಲ್ದಾಣವೇ ಹತ್ತಿರ. ಆದರೆ ದೊರೆತದ್ದು ಬೆಳಗಾವಿಯ ಟಿಕೆಟ್ಟು.

ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟೆ. ದೇವನಹಳ್ಳಿಯ ದಾರಿ, ತಪಾಸಣೆ, ಕಾಯುವಿಕೆಗಳಲ್ಲಿಯೇ ಮೂರೂವರೆ ಗಂಟೆ ಸಂದಿತು. ಹಾರಾಟವೇನೋ ಸೊಗಸಾಗಿದ್ದಿತು. ನೇರ ಅಳತೆಯಲ್ಲಿ 440 ಕಿಲೋಮೀಟರಿನಷ್ಟು ದೂರವನ್ನು ಒಂದು ಗಂಟೆ ಹತ್ತು ನಿಮಿಷದಲ್ಲಿ ದಾಟಿ ಸಾಂಬ್ರಾದಲ್ಲಿ ಇಳಿದೆವು. ಗಡಿಯಾರ ನೋಡಿ ನನ್ನ ಬುದ್ಧಿಯನ್ನು ನಾನೇ ಕೊಂಡಾಡಿಕೊಂಡೆ.

ಬಾಡಿಗೆ ಕಾರು ಹಿಡಿದು ಕುಡಚಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಒಂದೂವರೆಯಾಗಿತ್ತು. ಮುಂದೆ ಕೃಷ್ಣೆ. ಉಗಾರಕ್ಕೆ ಹೋಗುವ ರಸ್ತೆಯ ಸೇತುವೆ ಕೆಂಪು ನೀರಿನಡಿ ಮುಳುಗಿದ್ದಿತು. 2019ರ ಮಹಾಪೂರದಲ್ಲಿಯೂ ಮುಳುಗಿದ ಸೇತುವೆ ಅದು, ಊರವರಿಗೆ ಹೊಸದೇನಲ್ಲ. ಪಹರೆಯ ಪೊಲೀಸಿನವನು ಕೈಯಾಡಿಸಿ ಹಿಂದಕ್ಕೆ ಹೋಗೆಂದನು. ಆಚೆ ದಡ ಕಣ್ಣಿಗೆ ಕಾಣುತ್ತಿತ್ತು; ಅಲ್ಲಿಂದ ಐನಾಪುರ ಅರ್ಧ ಗಂಟೆಯ ಹಾದಿಯೂ ಅಲ್ಲ.

ನೀರಿನಿಂದ ಎತ್ತರದಲ್ಲಿದ್ದ ರೈಲ್ವೆ ಸೇತುವೆಯನ್ನು ನೋಡುತ್ತ ನಿಂತೆ. ನಾನು ಬಿಟ್ಟುಬಂದ ರೈಲು ಆಗಲೇ ಅದರ ಮೇಲೆ ದಾಟಿಹೋಗಿತ್ತು. ಅದರಲ್ಲಿ ಬಂದಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಆಚೆ ದಡದ ಉಗಾರದಲ್ಲಿ ಇಳಿದಿರುತ್ತಿದ್ದೆ. ಚಾಲಕನು ನನ್ನ ಮುಖ ನೋಡಿ ಏನನ್ನೂ ಕೇಳದೆ ಗಾಡಿ ತಿರುಗಿಸಿದ. ಅಂಕಲಿಯ ಮೇಲೆ ಹಾಯ್ದು ಕಾಗವಾಡವನ್ನು ಸುತ್ತಿ ಬರುವಾಗ, ದೊಡ್ಡವ್ವನ ಉಸಿರು ಇನ್ನೂ ಇದೆಯೇ ಎಂದು ಫೋನು ಮಾಡಿ ಕೇಳಲು ಧೈರ್ಯವಾಗಲಿಲ್ಲ.

ಮನೆ ಮುಟ್ಟಿದಾಗ ನಾಲ್ಕು ದಾಟಿತ್ತು. ಅಂಗಳದಲ್ಲಿ ಚಪ್ಪಲಿಗಳು ಬಹಳವಿದ್ದವು. ಕಾಲು ಒಳಗಿಡಲು ಹಿಂಜರಿಯಿತು. ಒಳಗೆ ದೊಡ್ಡವ್ವ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು. ಕಣ್ಣು ಕಿರಿದು ಮಾಡಿ ನನ್ನನ್ನು ಗುರುತಿಸಿದಳು.

"ಇಮಾನದಾಗ ಬಂದಿ ಅಂತಲ್ಲೋ ತಮ್ಮಾ," ಎಂದಳು ಕ್ಷೀಣ ದನಿಯಲ್ಲಿ. "ಮತ್ತ ಇಷ್ಟ್ಯಾಕ ತಡಾ ಆತು?"

ನಾನು ಉತ್ತರ ಹೇಳುವಷ್ಟರಲ್ಲಿ ಅವಳು ಸೊಸೆಯ ಕಡೆ ತಿರುಗಿ, ನನಗೆ ರೊಟ್ಟಿ ಬಡಿಯಲು ಹೇಳುತ್ತಿದ್ದಳು.