ಲಾ ಪೊಸಾಡದ ಪುನರ್ಜನ್ಮ

ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ ವಿನ್ಸ್‌ಲೋ ಎಂಬುದೊಂದು ಪುಟ್ಟ ಊರು. ರೈಲನ್ನೇ ನಂಬಿ ಬೆಳೆದ ಊರು. ಅಲ್ಲಿಯ ಹಳಿಗಳ ಮಗ್ಗುಲಲ್ಲೇ 1930ರಲ್ಲಿ ‘ಲಾ ಪೊಸಾಡ’ ಹೋಟೆಲು ತಲೆಯೆತ್ತಿತು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ತಂಗುಮನೆಯೆಂದು ಅರ್ಥ. ಅದನ್ನು ರೂಪಿಸಿದಾಕೆ ಮೇರಿ ಕೋಲ್ಟರ್. ಇದು ಯಾವನೋ ಸ್ಪ್ಯಾನಿಷ್ ಜಮೀನುದಾರನ ಹಳೆಯ ಮನೆಯೆಂದು ತಾನೇ ಒಂದು ಕಥೆ ಕಲ್ಪಿಸಿ, ತೋಟ, ಮೇಜು-ಕುರ್ಚಿ, ಪರಿಚಾರಿಕೆಯರ ಉಡುಪನ್ನೂ ಆ ಕಥೆಗೆ ಒಪ್ಪುವಂತೆ ಆಕೆ ಯೋಜಿಸಿದರು. ಹೊಸದನ್ನು ಹಳೆಯದೆಂದು ನಂಬಿಸುವುದೇನು ಸಾಮಾನ್ಯ ಜಾಣ್ಮೆಯೇ!

ಕಾಲ ಮಾತ್ರ ಒಲಿಯಲಿಲ್ಲ. ಷೇರುಪೇಟೆ ಕುಸಿದ ಮರುವರ್ಷವೇ ತೆರೆದ ಹೋಟೆಲು ಅದು. ಮುಂದೆ ಪ್ರಯಾಣಿಕರೂ ರೈಲನ್ನು ತೊರೆದು ಕಾರು ಹಿಡಿದರು. 1957ರಲ್ಲಿ ಬಾಗಿಲು ಮುಚ್ಚಿತು. ಮರುವರ್ಷದ ಜನವರಿಯಲ್ಲಿ ಕೋಲ್ಟರ್ ತೀರಿಕೊಂಡರು. ಆಗ ಅವರಿಗೆ 88 ವರ್ಷ. ತಮ್ಮ ಕೃತಿಯ ಅವಸಾನವನ್ನು ಅರಿಯುವಷ್ಟು ಆಯುಸ್ಸು ಅವರಿಗೆ ದಕ್ಕಿತ್ತು, ಪುನರುತ್ಥಾನವನ್ನು ಕಾಣುವಷ್ಟಲ್ಲ.

ಮೇಜು-ಕುರ್ಚಿಗಳು ಹರಾಜಾದವು. ಕಮಾನಿನ ಕೊಠಡಿಗಳು ರೈಲ್ವೆ ಕಂಪನಿಯ ಕಚೇರಿಗಳಾದವು. ಕಡೆಗೆ ಕಂಪನಿಯೂ ಕೈಬಿಡಹೊರಟಾಗ, 1997ರಲ್ಲಿ ಅಲನ್ ಆಫೆಲ್ಟ್ ಎಂಬಾತ ಕಟ್ಟಡವನ್ನು ಕೊಂಡು, ಚಿತ್ರಕಲಾವಿದೆಯಾದ ಪತ್ನಿ ಟೀನಾ ಮಿಯೋನ್ ಅವರೊಡನೆ ಅಲ್ಲೇ ಸಂಸಾರ ಹೂಡಿದರು. ಬಿಡಿಸಾರ ಹೂಡಿದ ಮನೆಯಲ್ಲೇ ದುರಸ್ತಿ! ಕಚೇರಿಗಾಗಿ ಹಾಕಿದ್ದ ತಗ್ಗು ಚಾವಣಿಯನ್ನು ಕಿತ್ತರು. ಒಂದೊಂದೇ ಕೊಠಡಿಯನ್ನು ಅತಿಥಿಗಳಿಗಾಗಿ ಸಜ್ಜುಗೊಳಿಸುತ್ತ ಬಂದರು. ಷಿಕಾಗೋ–ಲಾಸ್ ಏಂಜಲೀಸ್ ರೈಲಿನಿಂದ ಇಳಿದವರು ಈಗ ತೋಟವನ್ನು ಹಾದು ನೇರವಾಗಿ ಹೋಟೆಲಿನೊಳಗೆ ನಡೆಯುತ್ತಾರೆ.