ಕೈಗವಸಿನೊಳಗೆ ಜಾಗವಿದೆ

ಉಕ್ರೇನಿನ ಜನಪದ ಕತೆಯೊಂದಿದೆ. ಮುದುಕನೊಬ್ಬ ಹಿಮದಲ್ಲಿ ಕೈಗವಸು ಬೀಳಿಸಿಕೊಂಡು ಹೋಗುತ್ತಾನೆ. ಅದರೊಳಗೆ ಮೊದಲು ಇಲಿ ಬಿಡಾರ ಹೂಡುತ್ತದೆ. ಆಮೇಲೆ ಕಪ್ಪೆ, ಮೊಲ, ನರಿ, ತೋಳ, ಕಾಡುಹಂದಿ, ಕೊನೆಗೆ ಕರಡಿ! ಯೆವ್ಗೇನಿ ರಾಚೆವ್ ಬರೆದ ಚಿತ್ರಗಳಲ್ಲಿ ಪುಟ ತಿರುವಿದಂತೆಲ್ಲ ಕೈಗವಸಿಗೆ ಕಿಟಕಿ, ಹೊಗೆಕೊಳವೆ ಮೂಡುತ್ತವೆ; ಮೊದಲೇ ಇಕ್ಕಟ್ಟು, ಅದರ ನಡುವೆ ಮನೆ ರಿಪೇರಿ.

ಮೊಮ್ಮಗಳಿಗೆ ಇದನ್ನು ಓದಿ ಹೇಳಲು ಕೂತಾಗ ಮೊದಲ ತೊಡಕು ಕೈಗವಸಿನದೇ. ಬೆಂಗಳೂರಿನ ಐದು ವರ್ಷದ ಮಗುವಿಗೆ ಅದನ್ನೆಲ್ಲಿ ತೋರಿಸಲಿ? ಅಡುಗೆಮನೆಯಲ್ಲಿ ಓವನ್ನಿನ ಪಕ್ಕ ನೇತುಹಾಕಿದ್ದನ್ನು ತಂದೆ. "ಇದ್ರೊಳಗೆ ಕರಡಿನಾ?" ಎಂದಳು. ಕರಡಿ ಏನು ಹೇಳಿಕೊಂಡು ಒಳಬಂತು ಎಂಬುದು ಮಾತ್ರ ಸುಲಭವಾಯಿತು. ನಮ್ಮ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದು ಹೇಳುವ ಮಾತೇ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಓದುತ್ತ ನೆನಪಾದದ್ದು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಜಗಲಿ. ಕಡೇ ಬಸ್ಸು ತಪ್ಪಿದವರು ಅಲ್ಲಿ ಮಲಗುತ್ತಿದ್ದರು. ಅಜ್ಜಿ ಕಾಲಿಗೆ ನೀರು, ಬಾಯಾರಿಕೆಗೆ ಬೆಲ್ಲ ಕೊಟ್ಟು, ಊಟವಾದ ಮೇಲೇ ಯಾವೂರು ಎಂದು ವಿಚಾರಿಸುತ್ತಿದ್ದಳು. ಒಮ್ಮೊಮ್ಮೆ ವಿಚಾರಿಸುವುದೇ ಮರೆತುಹೋಗುತ್ತಿತ್ತು. ಬೆಳಕು ಹರಿಯುವ ಮೊದಲೇ ಚಾಪೆ ಸುತ್ತಿಟ್ಟು ಹೋಗಿಬಿಟ್ಟವರ ಮುಖ ನೆನಪಿಲ್ಲ, ಗೊರಕೆ ನೆನಪಿದೆ. ಆಗ ನಮ್ಮ ಮನೆಯಲ್ಲಿ ಚಿತ್ರಪುಸ್ತಕ ಒಂದೂ ಇರಲಿಲ್ಲ.

ಮರುವಾರ ಸಂಜೆ ಜೋರು ಮಳೆ. ಪಾರ್ಸೆಲ್ ತಂದ ಹುಡುಗ ಗ್ರಿಲ್ಲಿನಾಚೆ ತೊಯ್ದು ತೊಪ್ಪೆಯಾಗಿ ನಿಂತಿದ್ದ. ನಾನು ಸಂದಿಯಿಂದಲೇ ಪೊಟ್ಟಣ ಎಳೆದುಕೊಂಡು ಓಟಿಪಿ ಹೇಳುತ್ತಿದ್ದೆ. ಇವಳು ಹಿಂದಿನಿಂದ ಕೂಗಿದಳು: "ಒಳಗೆ ಬನ್ನಿ ಅಂಕಲ್, ಜಾಗ ಇದೆ! ತಾತ, ನೀನು ಸ್ವಲ್ಪ ಸರ್ಕೋ."

ಗುರುತಿಲ್ಲದವರ ಹತ್ತಿರ ಮಾತಾಡಬಾರದೆಂದು ಅವಳಿಗೆ ಹೇಳಿಕೊಟ್ಟವನೂ ನಾನೇ. ಹುಡುಗ ನನ್ನ ಮುಖ ನೋಡಿದ. ನಾನು ಬೀಗದ ಕೈ ಹುಡುಕಿದೆ. ಹುಡುಕುವುದಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ತೆಗೆದುಕೊಂಡೆನೇನೋ. "ಇರ್ಲಿ ಸಾರ್, ಇನ್ನೂ ಆರು ಆರ್ಡರ್ ಇದೆ" ಎಂದು ಅವನು ಗಾಡಿ ಏರಿದ.

ಆ ರಾತ್ರಿ ಮತ್ತೆ ಅದೇ ಪುಸ್ತಕ. ಕೊನೆಯಲ್ಲಿ ಮುದುಕನ ನಾಯಿ ಬೊಗಳುತ್ತದೆ, ಪ್ರಾಣಿಗಳೆಲ್ಲ ದಿಕ್ಕಾಪಾಲು. ಮೊಮ್ಮಗಳು ನಾಯಿಯ ಮೇಲೆ ಬೆರಳಿಟ್ಟಳು. "ತಾತ, ನಮ್ಮ ಗೇಟಿನ ಬೋರ್ಡಲ್ಲೂ ನಾಯಿ ಚಿತ್ರ ಇದ್ಯಲ್ಲ, ಆ ನಾಯಿ ಎಲ್ಲಿ?"

ನಾವು ಯಾವತ್ತೂ ನಾಯಿ ಸಾಕಿದವರಲ್ಲ. ಅಡುಗೆಮನೆಯಿಂದ ಅವಳಜ್ಜಿ ನಕ್ಕದ್ದು ಕೇಳಿಸಿತು.