ಕೊಯ್ಲಿನ ಹೊತ್ತಿಗೆ ಬಂದ ನೆಂಟರು

ನೆಂಟರಲ್ಲಿ ಎರಡು ಬಗೆ: ಹೇಳಿ ಬರುವವರು, ಅಡುಗೆಯಾದ ಮೇಲೆ ಬರುವವರು. ಜೇಡನುಸಿ ಎರಡನೆಯ ಬಗೆಯದು. ತಾರಸಿಯ ಬೆಂಡೆಗಿಡಗಳಿಗೆ 50 ದಿನ ನೀರು ಹೊತ್ತು, ಇನ್ನೇನು ಕಾಯಿ ಕೊಯ್ಯಬೇಕು ಎನ್ನುವಾಗ ಎಲೆಗಳ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳೆದ್ದವು. ಎಲೆ ಮಗುಚಿದರೆ ನವಿರಾದ ಬಲೆ. ಅದರೊಳಗೆ ಅರ್ಧ ಮಿಲಿಮೀಟರಿನ, ಎಂಟು ಕಾಲಿನ ಜೀವಿಗಳು. ಇವು ಕೀಟಗಳಲ್ಲ, ಜೇಡನ ಬಳಗ. ಬಿರುಬೇಸಿಗೆಯಲ್ಲಿ ಇವತ್ತಿನ ಮೊಟ್ಟೆ ವಾರ ಹತ್ತು ದಿನದಲ್ಲಿ ತಾನೇ ಮೊಟ್ಟೆಯಿಡುವಷ್ಟು ಬೆಳೆದಿರುತ್ತದೆ.

ಔಷಧದ ಅಂಗಡಿಯವನು ಒಂದು ಶೀಶೆ ಮುಂದಿಟ್ಟು, "ಇವತ್ತು ಹೊಡೀರಿ ಮೇಡಂ, ನಾಳೆ ಸತ್ತಿರ್ತವೆ" ಎಂದ.

"ಕಾಯಿ ತಿನ್ನೋದು ಯಾವತ್ತಪ್ಪಾ?" ಎಂದೆ.

ಅವನು ಸುಮ್ಮನಾದ. ಉತ್ತರ ಶೀಶೆಯ ಚೀಟಿಯಲ್ಲಿತ್ತು: ಸಿಂಪಡಿಸಿದ ಮೇಲೆ ಇಷ್ಟು ದಿನ ಕೊಯ್ಯಬಾರದು. ಆದರೆ ಬೆಂಡೆ ಕಾಯುವ ಕಾಯಲ್ಲ. ನಾಲ್ಕು ದಿನ ಬಿಟ್ಟರೆ ಬರೀ ನಾರು. ನಮ್ಮ ಮೊಮ್ಮಗಳೋ ಗಿಡದಿಂದಲೇ ಕಿತ್ತು ಹಸಿಯಾಗಿ ಕಡಿಯುವವಳು. ಮೇಲಾಗಿ ಕೆಲವು ಕೀಟನಾಶಕಗಳು ಈ ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳನ್ನೇ ಕೊಂದು ಪೀಡೆಯನ್ನು ಹೆಚ್ಚಿಸುತ್ತವೆ.

ಶೀಶೆಯನ್ನು ಅಲ್ಲೇ ಬಿಟ್ಟು ಬಂದೆ. ತೀರ ಕೆಟ್ಟ ಎಲೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿದೆ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ, ಎಲೆಯ ಅಡಿಗೆ ತಾಗುವಂತೆ ಪೈಪಿನ ನೀರನ್ನು ರಭಸವಾಗಿ ಹಿಡಿದೆ. ನುಸಿ ನಿರ್ನಾಮವಾಗಲಿಲ್ಲ; ಗಿಡವೂ ಸಾಯಲಿಲ್ಲ. ಎರಡು ಬುಟ್ಟಿ ನಿರೀಕ್ಷಿಸಿದ್ದಲ್ಲಿ ಒಂದು ಬುಟ್ಟಿ ಬಂತು. ಅಡುಗೆಮನೆ ಸೇರುವ ಮೊದಲೇ ಮೊಮ್ಮಗಳು ಒಂದು ಕಾಯಿಯನ್ನು ಕಟುಂ ಎಂದು ಕಡಿದಳು. ಅವಳ ಕೈಯಿಂದ ಅದನ್ನು ಕಿತ್ತುಕೊಳ್ಳುವ ಅಗತ್ಯ ನನಗಿರಲಿಲ್ಲ. ಕಳೆದುಹೋದ ಇನ್ನೊಂದು ಬುಟ್ಟಿಯ ಬೆಲೆ ಅಷ್ಟೇ.